ಕ್ಲಾರಿನೆಟ್ಟಿನ ಮನೆತನ



ಹೊಸಕೋಟೆ ತಾಲ್ಲೂಕಿನಲ್ಲಿ ನಂದಗುಡಿ ಎಂಬ ಹೋಬಳಿಯ ಊರಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಒಂದು ಮದುವೆ ನಡೆಯಿತು. ಈ ಹೊತ್ತಿನ ನಮ್ಮ ವಿಷಯ ಕ್ಲಾರಿನೆಟ್ ಎಂಬ ವಾದ್ಯದ ಬಗೆಬಗೆಯ ಗಾತ್ರಗಳು ಮತ್ತು ಶ್ರುತಿಗಳು. ಇದಕ್ಕೂ ನಂದಗುಡಿಯ ಮದುವೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವುಂಟು. ಆ ಮದುವೆಯ ಚಪ್ಪರದಲ್ಲಿ ನಾವು ಮಾಡಿದ ಒಂದು ತಪ್ಪೇ ಈ ವಿಷಯವನ್ನು ನಾವು ಕಲಿಯುವುದಕ್ಕೆ ಕಾರಣವಾಯಿತು. ಆದಕಾರಣ ಮೊದಲು ತಪ್ಪನ್ನು ಹೇಳಿ, ಆಮೇಲೆ ಕಲಿತದ್ದನ್ನು ಹೇಳುತ್ತೇವೆ.

ವರಪೂಜೆಯ ರಾತ್ರಿ. ಮೆರವಣಿಗೆ ಮುಗಿದು, ಊಟವೂ ಮುಗಿದು, ಚಪ್ಪರದಲ್ಲಿ ಜಮಖಾನ ಹಾಸಿದ್ದರು. ವರನ ಸೋದರಮಾವನವರು ಸಂಗೀತ ಬಲ್ಲವರು. ನಾಲ್ಕು ದೇವರನಾಮ ಹಾಡಬೇಕೆಂದು ಎಲ್ಲರೂ ಬಲವಂತಮಾಡಿದರು. ಮನೆಯ ಹುಡುಗನೊಬ್ಬ ಹಾರ್ಮೋನಿಯಮ್ಮನ್ನು ತಂದು ಒಂದನೆಯ ಮನೆಯ ಶ್ರುತಿಯನ್ನು ಹಿಡಿದ. ಪಿಟೀಲಿನವರು ಬರುತ್ತೇವೆಂದವರು ಬಂದಿರಲಿಲ್ಲ. ಆಗ ಯಜಮಾನರಿಗೆ ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ಟಿನವನ ನೆನಪಾಯಿತು. "ಅವನನ್ನೇ ಕರೆಯಿರಿ, ಹಾಡಿನ ಹಿಂದೆ ನುಡಿಸಲಿ; ಬೇರೆಯಾಗಿ ಏನಾದರೂ ಕೊಟ್ಟರಾಯಿತು" ಎಂದರು. ಸುಮಾರು ಐವತ್ತು ವರ್ಷದ ಆ ಮನುಷ್ಯ ಬ್ಯಾಂಡಿನ ಕೆಂಪು ಅಂಗಿಯಲ್ಲಿಯೇ ಬಂದು, ಜಮಖಾನದ ಅಂಚಿನಲ್ಲಿ ಕುಳಿತುಕೊಂಡ.

ಅಲ್ಲಿ ನೆರೆದವರಲ್ಲಿ ಇಂಗ್ಲಿಷ್ ಸಂಗೀತದ ಪುಸ್ತಕವನ್ನು ಓದಿದವರು ನಾವೊಬ್ಬರೇ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದು ನಮಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಹಾರ್ಮೋನಿಯಮ್ಮಿನ ಒಂದನೆಯ ಮನೆಗೆ ಇಂಗ್ಲಿಷಿನಲ್ಲಿ 'ಸಿ' ಎಂದು ಹೆಸರು. ಆದ್ದರಿಂದ ನಾವು ಗಂಭೀರವಾಗಿ, "ಸಿ ಕೊಡಯ್ಯ" ಎಂದೆವು. ಅವನು ಸಿ ಕೊಟ್ಟ. ಹಾರ್ಮೋನಿಯಮ್ಮಿನ ನಾದ ಒಂದು ಕಡೆ, ಅವನ ನಾದ ಇನ್ನೊಂದು ಕಡೆ; ಎರಡರ ನಡುವೆ ಒಂದು ಸ್ವರದಷ್ಟು ಅಂತರ. ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. ಅವನು, "ಸ್ವಾಮಿ, ಬೆರಳು ಬದಲಾಯಿಸಿಕೊಂಡರೆ..." ಎಂದು ಏನೋ ಹೇಳುವುದಕ್ಕೆ ಹೊರಟ. ನಾವು ತಡೆದೆವು. "ಸಿ ಎಂದರೆ ಸಿ. ನಿನ್ನ ವಾದ್ಯ ಹಳತಾಗಿ ಶ್ರುತಿ ಇಳಿದುಹೋಗಿದೆ, ಇದು ಕಚೇರಿಗೆ ಆಗುವುದಲ್ಲ" ಎಂದು ತೀರ್ಪು ಕೊಟ್ಟೆವು. ಈ ಸಲ ಎಲ್ಲರೂ ನಕ್ಕರು. ಅವನು ಮಾತನಾಡದೆ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದುಹೋದ. ಬೇರೆಯಾಗಿ ಬರಬೇಕಾಗಿದ್ದ ಹಣವೂ ಅವನಿಗೆ ಬರಲಿಲ್ಲವೆಂಬುದನ್ನು ನಾವು ಆಗ ಯೋಚಿಸಲಿಲ್ಲ.

ಹಾಡಿಕೆ ಮುಗಿದು ಎಲ್ಲರೂ ಮಲಗಿದ ಮೇಲೆ ನಮಗೆ ನಿದ್ರೆ ಬರಲಿಲ್ಲ. ಹಿತ್ತಿಲ ಕಡೆಯಿಂದ ಸಣ್ಣಗೆ ಸಂಗೀತ ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಿದರೆ, ಮನೆಯ ಹುಡುಗ ಅದೇ ಹಾರ್ಮೋನಿಯಮ್ಮನ್ನು ಹಿಡಿದು ದನದ ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಾನೆ. ಎದುರಿಗೆ ಅದೇ ಮನುಷ್ಯ, ಅದೇ ಕ್ಲಾರಿನೆಟ್. ಶ್ರುತಿಯೂ ಅದೇ ಒಂದನೆಯ ಮನೆ. ಎರಡು ನಾದಗಳೂ ಹಾಲು ಹಾಲಿನಲ್ಲಿ ಬೆರೆತಂತೆ ಬೆರೆತಿದ್ದವು, ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಹಾಗಾದರೆ ಕೆಟ್ಟಿದ್ದುದು ವಾದ್ಯವಲ್ಲ, ಅವನ ಕಿವಿಯೂ ಅಲ್ಲ. ಉಳಿದದ್ದು ನಮ್ಮ ಮಾತೊಂದೇ.

ನಾವು ಹೋಗಿ ಕಟ್ಟೆಯ ಮೇಲೆ ಕುಳಿತು, "ಇದು ಹೇಗಾಯಿತು, ಹೇಳಿ" ಎಂದು ಕೇಳಿದೆವು. ಅವರು ಕೋಪವನ್ನು ತೋರಿಸಲಿಲ್ಲ. "ಸ್ವಾಮಿ, ನಮ್ಮ ಸಿ ಬೇರೆ, ಆರ್ಮೋನಿ ಸಿ ಬೇರೆ. ಹೆಸರು ಒಂದೇ, ಮನೆ ಬೇರೆ. ಇದು ಬಿ ಫ್ಲಾಟ್ ಕ್ಲಾರ್ನೆಟ್ಟು. ಇದರಾಗೆ ಸಿ ಹಿಡಿದ್ರೆ ಆರೂವರೆ ಮನೆ ಬರ್ತದೆ. ಒಂದನೇ ಮನೆ ಬೇಕಂದ್ರೆ ಡಿ ಬೆರಳು ಹಿಡೀಬೇಕು. ತಾವು ಸಿ ಕೇಳಿದ್ರಿ, ನಾನು ಸಿ ಕೊಟ್ಟೆ" ಎಂದರು. ಇಷ್ಟೇ ಅವರ ವಿವರಣೆ. ಬೆಂಗಳೂರಿಗೆ ಹಿಂತಿರುಗಿ ಪುಸ್ತಕಗಳನ್ನು ತೆರೆದು ನೋಡಿದಾಗ ಆ ನಾಲ್ಕು ಮಾತುಗಳಲ್ಲಿ ತೆಗೆಯಬೇಕಾದದ್ದು ಒಂದಕ್ಷರವೂ ಇರಲಿಲ್ಲ. ಅವುಗಳ ಅರ್ಥವನ್ನು ಬಿಡಿಸಿ ಹೇಳುವುದೇ ಇನ್ನುಳಿದ ಭಾಷಣ.

ತಂತಿವಾದ್ಯಕ್ಕೂ ಊದುವ ವಾದ್ಯಕ್ಕೂ ಒಂದು ಮುಖ್ಯವಾದ ಭೇದವುಂಟು. ವೀಣೆಯ ಷಡ್ಜವನ್ನು ಏರಿಸಬೇಕಾದರೆ ಬಿರಡೆಯನ್ನು ತಿರುಗಿಸಿದರೆ ಸಾಕು. ಮೆಟ್ಟಿಲುಗಳು ಇದ್ದಲ್ಲಿಯೇ ಇರುತ್ತವೆ, ವೈಣಿಕನ ಬೆರಳೂ ಕಲಿತ ದಾರಿಯಲ್ಲಿಯೇ ನಡೆಯುತ್ತದೆ. ಕೊಳಲಿಗೆ ಬಿರಡೆಯಿಲ್ಲ. ಅದರೊಳಗಿನ ಗಾಳಿಯ ಕಂಬ ಎಷ್ಟು ಉದ್ದವೋ ಅಷ್ಟೇ ಅದರ ಶ್ರುತಿ. ಉದ್ದ ಹೆಚ್ಚಿದರೆ ನಾದ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಉದ್ದವನ್ನು ಎರಡರಷ್ಟು ಮಾಡಿದರೆ ಒಂದು ಸ್ಥಾಯಿ ಕೆಳಕ್ಕೆ ಇಳಿಯುತ್ತದೆ. ಹಾರ್ಮೋನಿಯಮ್ಮಿನಲ್ಲಿ ಅರ್ಧ ಮನೆಯಷ್ಟು ಇಳಿಯಬೇಕಾದರೆ ಉದ್ದದ ಸುಮಾರು ಹದಿನೇಳನೆಯ ಒಂದು ಪಾಲನ್ನು ಸೇರಿಸಬೇಕು. ಹೀಗಿರಲಾಗಿ, ಊದುವವನಿಗೆ ಶ್ರುತಿ ಬದಲಾದಾಗ ಎರಡೇ ದಾರಿ. ಬೆರಳಿನ ಕ್ರಮವನ್ನು ಹಾಗೆಯೇ ಇಟ್ಟುಕೊಂಡು ವಾದ್ಯವನ್ನು ಬದಲಾಯಿಸಬೇಕು. ಇಲ್ಲವೆ ವಾದ್ಯವನ್ನು ಹಾಗೆಯೇ ಇಟ್ಟುಕೊಂಡು ಬೆರಳಿನ ಕ್ರಮವನ್ನು ಬದಲಾಯಿಸಬೇಕು. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರ ವಿಸ್ತಾರ.

ಮೊದಲನೆಯ ದಾರಿ ನಮ್ಮವರಿಗೆ ಹೊಸದಲ್ಲ. ಕೊಳಲಿನ ವಿದ್ವಾಂಸರು ಕಚೇರಿಗೆ ಬರುವಾಗ ಒಂದು ಉದ್ದನೆಯ ಚೀಲದಲ್ಲಿ ಐದಾರು ಕೊಳಲುಗಳನ್ನು ತರುವುದನ್ನು ತಾವು ನೋಡಿದ್ದೀರಿ. ನಾಗಸ್ವರದಲ್ಲಿಯೂ ತಿಮಿರಿ ಎಂಬ ಚಿಕ್ಕದು ಏರುಶ್ರುತಿಯದು, ಬಾರಿ ಎಂಬ ಉದ್ದನೆಯದು ಇಳಿಶ್ರುತಿಯದು. ರಂಧ್ರಗಳ ಕ್ರಮ ಒಂದೇ, ಬೆರಳು ಒಂದೇ, ಷಡ್ಜ ಮಾತ್ರ ಬೇರೆ. ಯೂರೋಪಿನವರು ಕ್ಲಾರಿನೆಟ್ಟಿನಲ್ಲಿ ಮಾಡಿದ್ದೂ ಇದನ್ನೇ, ಆದರೆ ಬಹಳ ದೊಡ್ಡ ಪ್ರಮಾಣದಲ್ಲಿ.

ಕ್ಲಾರಿನೆಟ್ ಎಂದರೆ ಕರಿಯ ಮರದ ಒಂದು ನೇರವಾದ ನಳಿಗೆ. ತುದಿಯಲ್ಲಿ ಗಂಟೆಯಾಕಾರದ ಬಾಯಿ. ಊದುವ ಕಡೆ ಕೊಕ್ಕಿನಂಥ ತುಂಡಿಗೆ ಜೊಂಡಿನ ಒಂದೇ ಒಂದು ಸೀಳನ್ನು ಬಿಗಿದಿರುತ್ತಾರೆ. ನಾಗಸ್ವರಕ್ಕೆ ಎರಡು ಪದರದ ಪೀಪಿ, ಇದಕ್ಕೆ ಒಂದೇ ಪದರ. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯಶಿಲ್ಪಿ 1700ರ ಸುಮಾರಿಗೆ, ಶಾಲುಮೋ ಎಂಬ ಹಳೆಯ ವಾದ್ಯವನ್ನು ತಿದ್ದಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ.

ಈ ನಳಿಗೆಗೆ ಒಂದು ವಿಚಿತ್ರ ಸ್ವಭಾವವಿದೆ. ಕೊಳಲಿನಲ್ಲಿ ಷಡ್ಜದ ಬೆರಳನ್ನೇ ಹಿಡಿದು ಬಲವಾಗಿ ಊದಿದರೆ ಮೇಲಿನ ಷಡ್ಜ ಬರುತ್ತದೆ, ನಾಗಸ್ವರದಲ್ಲಿಯೂ ಹಾಗೆಯೇ. ಕ್ಲಾರಿನೆಟ್ಟಿನಲ್ಲಿ ಹಾಗಲ್ಲ. ಅದರ ನಳಿಗೆ ಉದ್ದಕ್ಕೂ ಒಂದೇ ಅಗಲ, ಊದುವ ಕಡೆ ಮುಚ್ಚಿದಂತಿರುವುದು. ಆದ್ದರಿಂದ ಷಡ್ಜದ ಬೆರಳನ್ನು ಹಿಡಿದು ಮೇಲಕ್ಕೆ ಹಾರಿಸಿದರೆ ತಾರಷಡ್ಜವನ್ನೂ ದಾಟಿ ತಾರಸ್ಥಾಯಿಯ ಪಂಚಮ ಬರುತ್ತದೆ. ಇದರಿಂದ ಒಂದು ಲಾಭವುಂಟು, ಒಂದು ತೊಂದರೆಯೂ ಉಂಟು. ಲಾಭವೆಂದರೆ, ಚಿಕ್ಕ ನಳಿಗೆಯಿಂದ ಬಹಳ ಕೆಳಗಿನ ನಾದ ಬರುತ್ತದೆ. ಇಂಗ್ಲಿಷ್ ಕೊಳಲೂ ಸಾಮಾನ್ಯ ಕ್ಲಾರಿನೆಟ್ಟೂ ಸುಮಾರು 26 ಅಂಗುಲ ಉದ್ದದವೇ. ಆದರೂ ಕ್ಲಾರಿನೆಟ್ಟಿನ ಅತ್ಯಂತ ಕೆಳಗಿನ ಸ್ವರ ಕೊಳಲಿನದಕ್ಕಿಂತ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿರುತ್ತದೆ. ತೊಂದರೆಯೆಂದರೆ, ಕೊಳಲಿನಲ್ಲಿ ಹನ್ನೆರಡು ಸ್ವರಸ್ಥಾನಗಳು ಕಳೆದ ಮೇಲೆ ಬೆರಳು ಮೊದಲಿನ ಕ್ರಮಕ್ಕೆ ಹಿಂತಿರುಗುತ್ತದೆ. ಇಲ್ಲಿ ಹತ್ತೊಂಬತ್ತು ಸ್ವರಸ್ಥಾನಗಳು ಕಳೆಯಬೇಕು. ಅಷ್ಟು ರಂಧ್ರಗಳಿಗೆ ಬೆರಳುಗಳೆಲ್ಲಿವೆ? ಆದ್ದರಿಂದಲೇ ಈ ವಾದ್ಯದ ಮೈಮೇಲೆಲ್ಲ ಲೋಹದ ಕೀಲಿಗಳು.

ಮೊದಲ ಕಾಲದ ಕ್ಲಾರಿನೆಟ್ಟುಗಳಿಗೆ ಎರಡೇ ಕೀಲಿಗಳಿದ್ದವು. ಮೋಟ್ಸಾರ್ಟ್ ಎಂಬ ಮಹಾಸಂಗೀತಗಾರನ ಕಾಲಕ್ಕೆ ಐದಾರು ಆಗಿದ್ದವು. ಇಷ್ಟು ಕೀಲಿಗಳಿಂದ ಶುದ್ಧಸ್ವರಗಳು ಚೆನ್ನಾಗಿ ನುಡಿಯುತ್ತಿದ್ದವು. ನಡುವಿನ ಸ್ವರಗಳು ಮಂಕಾಗಿಯೂ ಕಷ್ಟಸಾಧ್ಯವಾಗಿಯೂ ಇದ್ದವು. ಆದರೆ ಯೂರೋಪಿನ ಸಂಗೀತಗಾರನು ಒಂದೊಂದು ಕೃತಿಯನ್ನು ಒಂದೊಂದು ಶ್ರುತಿಯಲ್ಲಿ ರಚಿಸುವನು. ಇದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ, ಒಬ್ಬನೇ ವಾದಕನು ಮೂರು ಗಾತ್ರದ ವಾದ್ಯಗಳನ್ನು ಇಟ್ಟುಕೊಳ್ಳುವುದು. ಒಂದು ಸಿ ಕ್ಲಾರಿನೆಟ್, ಒಂದು ಬಿ ಫ್ಲಾಟ್ ಕ್ಲಾರಿನೆಟ್, ಒಂದು ಎ ಕ್ಲಾರಿನೆಟ್. ವಾದಕನು ಮೂರರಲ್ಲಿಯೂ ಒಂದೇ ರೀತಿಯಾಗಿ ಬೆರಳಿಡುತ್ತಾನೆ; ಆ ಬೆರಳಿಗೆ ಮೂರರಲ್ಲಿಯೂ 'ಸಿ' ಎಂದೇ ಹೆಸರು. ಆದರೆ ಹೊರಡುವ ನಾದ ಮೊದಲನೆಯದರಲ್ಲಿ ಹಾರ್ಮೋನಿಯಮ್ಮಿನ ಒಂದನೆಯ ಮನೆ, ಎರಡನೆಯದರಲ್ಲಿ ಕೆಳಗಿನ ಆರೂವರೆ ಮನೆ, ಮೂರನೆಯದರಲ್ಲಿ ಕೆಳಗಿನ ಆರನೆಯ ಮನೆ. ವಾದ್ಯಕ್ಕೆ ಇಟ್ಟ ಹೆಸರು ಹೊರಡುವ ನಾದದ್ದು. ಸ್ವರಕ್ಕೆ ಇಟ್ಟ ಹೆಸರು ಬೆರಳಿನದು. ನಮ್ಮ ತಪ್ಪಿನ ಬೇರು ಇಲ್ಲಿದೆ. ನಾವು ಕೇಳಿದ್ದು ನಾದದ ಹೆಸರು, ಅವರು ಕೊಟ್ಟದ್ದು ಬೆರಳಿನ ಹೆಸರು.

ಒಂದು ಉದಾಹರಣೆಯನ್ನು ಕೊಡಬಹುದು. ಮೋಟ್ಸಾರ್ಟನು ತಾನು ತೀರಿಕೊಂಡ 1791ನೆಯ ವರ್ಷದಲ್ಲಿಯೇ ಕ್ಲಾರಿನೆಟ್ಟಿಗೆಂದು ಒಂದು ಪ್ರಸಿದ್ಧವಾದ ಕೃತಿಯನ್ನು ರಚಿಸಿದನು. ಅದನ್ನು ಆಂಟನ್ ಸ್ಟಾಡ್ಲರ್ ಎಂಬ ಗೆಳೆಯನಿಗಾಗಿ ಬರೆದದ್ದು. ಪಿಟೀಲುಗಳ ಗುಂಪಿಗೆ ಆ ಕೃತಿಯ ಆಧಾರಸ್ವರ ಎ, ಎಂದರೆ ನಮ್ಮ ಆರನೆಯ ಮನೆ. ಆದರೆ ಕ್ಲಾರಿನೆಟ್ಟಿನವನ ಕಾಗದದಲ್ಲಿ ಅದೇ ಕೃತಿ ಸಿಯಲ್ಲಿ ಬರೆದಿರುತ್ತದೆ. ಅವನು ಎ ಕ್ಲಾರಿನೆಟ್ಟನ್ನು ಕೈಗೆತ್ತಿಕೊಂಡು, ಅತ್ಯಂತ ಸುಲಭವಾದ ಬೆರಳಿನಲ್ಲಿ ನುಡಿಸುತ್ತಾನೆ; ನಾದ ಪಿಟೀಲುಗಳೊಡನೆ ಕೂಡಿಕೊಳ್ಳುತ್ತದೆ. ಲೆಕ್ಕವನ್ನೆಲ್ಲ ಬರೆಯುವವನು ಮಾಡಿಟ್ಟಿದ್ದಾನೆ. ನುಡಿಸುವವನಿಗೆ ಆ ಚಿಂತೆಯಿಲ್ಲ.

1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಕ್ಲೋಜೆ ಎಂಬ ವಾದಕನೂ ಬ್ಯುಫೆ ಎಂಬ ವಾದ್ಯಶಿಲ್ಪಿಯೂ ಕೂಡಿ ಕೀಲಿಗಳ ಏರ್ಪಾಡನ್ನು ಹೊಸದಾಗಿ ಮಾಡಿದರು. ಬೆರಳು ರಂಧ್ರವನ್ನು ಮುಚ್ಚುವಾಗಲೇ ಅದರ ಸುತ್ತಲಿನ ಉಂಗುರವೂ ಒತ್ತಿ, ದೂರದ ಇನ್ನೊಂದು ರಂಧ್ರವನ್ನು ಮುಚ್ಚುವಂತೆ ಅದನ್ನು ರಚಿಸಿದರು. ಇದರಿಂದ ಎಲ್ಲ ಸ್ವರಸ್ಥಾನಗಳೂ ಹಿಂದಿಗಿಂತ ಸುಲಭವಾದವು. ಸಿ ಕ್ಲಾರಿನೆಟ್ಟಿನ ಬಳಕೆ ಬಹಳ ಕಡಿಮೆಯಾಯಿತು. ದೊಡ್ಡ ವಾದ್ಯಗೋಷ್ಠಿಗಳಲ್ಲಿ ಬಿ ಫ್ಲಾಟೂ ಎಯೂ ಜೋಡಿಯಾಗಿ ಉಳಿದವು. ಬ್ಯಾಂಡುಗಳಲ್ಲಿ ಬಿ ಫ್ಲಾಟೇ ಯಜಮಾನನಾಯಿತು.

ಈ ಯಜಮಾನನ ಸುತ್ತಲೂ ಒಂದು ದೊಡ್ಡ ಅವಿಭಕ್ತ ಕುಟುಂಬವಿದೆ. ಕಣ್ಣಿಗೆ ತೋರಿಸಲಾರೆವಾದ್ದರಿಂದ ಅಳತೆಯನ್ನು ಹೇಳುತ್ತೇವೆ. ತಾವು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳಬೇಕು. ನಡುವೆ ಬಿ ಫ್ಲಾಟ್, ಸುಮಾರು 26 ಅಂಗುಲ. ಅದರ ಒತ್ತಿಗೆ ಎ, ಒಂದೂವರೆ ಅಂಗುಲ ಹೆಚ್ಚು ಉದ್ದ. ನಾವು ಮೊದಲು ಹೇಳಿದ ಹದಿನೇಳರಲ್ಲಿ ಒಂದು ಪಾಲು ಇದೇ. ಅಣ್ಣತಮ್ಮಂದಿರಂತೆ ಇವೆರಡನ್ನೂ ದೂರದಿಂದ ಗುರುತಿಸುವುದು ಕಷ್ಟ. ಇವುಗಳಿಗಿಂತ ಚಿಕ್ಕದು ಇ ಫ್ಲಾಟ್. ಉದ್ದ ಹತ್ತೊಂಬತ್ತೂವರೆ ಅಂಗುಲದಷ್ಟು, ಬೆರಳಿನ ಸಿ ಹಿಡಿದರೆ ಎರಡೂವರೆ ಮನೆ. ದನಿ ಚೂಪು, ಬಯಲಿನಲ್ಲಿ ಬ್ಯಾಂಡು ನಡೆಯುವಾಗ ಎಲ್ಲಕ್ಕಿಂತ ಮೇಲೆ ಕೇಳಿಸುತ್ತದೆ. ಫ್ರಾನ್ಸಿನ ಬೆರ್ಲಿಯೋಸ್ 1830ರಲ್ಲಿ ರಚಿಸಿದ ಒಂದು ಕೃತಿಯ ಕೊನೆಯಲ್ಲಿ ನಾಯಕಿಯ ಮಧುರವಾದ ರಾಗವು ಮಾಟಗಾತಿಯರ ಕೂಟದ ಕುಣಿತವಾಗಿ ವಿಕಾರಗೊಳ್ಳುತ್ತದೆ. ಆ ವಿಕಾರವನ್ನು ಹೇಳುವುದಕ್ಕೆ ಅವನು ಆರಿಸಿಕೊಂಡದ್ದು ಈ ಚಿಕ್ಕ ವಾದ್ಯದ ದನಿಯನ್ನು. ಇದಕ್ಕೂ ಚಿಕ್ಕ ಮಗು ಎ ಫ್ಲಾಟ್. ಒಂದು ಮೊಳಕ್ಕೂ ಕಡಿಮೆ. ಇಟಲಿ ಮತ್ತು ಆಸ್ಟ್ರಿಯ ದೇಶಗಳ ಸೈನ್ಯದ ಬ್ಯಾಂಡುಗಳಲ್ಲಿ ಇದನ್ನು ಬಳಸುತ್ತಿದ್ದರು.

ಇನ್ನು ಹಿರಿಯರ ಕಡೆಗೆ ತಿರುಗಿದರೆ, ಎಫ್ ಶ್ರುತಿಯ ಬ್ಯಾಸೆಟ್ ಹಾರ್ನ್, ಎಂದರೆ ನಾಲ್ಕನೆಯ ಮನೆಯದು. ಮೋಟ್ಸಾರ್ಟನಿಗೆ ಇದರ ಶಾಂತವಾದ ದನಿ ಬಹಳ ಪ್ರಿಯವಾಗಿತ್ತು. ಅದರ ನೆರೆಯಲ್ಲಿ ಇ ಫ್ಲಾಟ್ ಶ್ರುತಿಯ ಆಲ್ಟೋ. ಚಿಕ್ಕ ಇ ಫ್ಲಾಟಿಗೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಆಮೇಲೆ ಬೇಸ್ ಕ್ಲಾರಿನೆಟ್. ಇದು ಬಿ ಫ್ಲಾಟಿಗೆ ಒಂದು ಸ್ಥಾಯಿ ಕೆಳಗೆ, ಆದ್ದರಿಂದ ನಳಿಗೆಯೂ ಎರಡರಷ್ಟು ಉದ್ದ. ನೇರವಾಗಿ ಹಿಡಿಯಲಾಗದ್ದರಿಂದ ಇದರ ಕುತ್ತಿಗೆಯನ್ನು ಬಗ್ಗಿಸಿ, ಬಾಯಿಯನ್ನು ಮೇಲಕ್ಕೆ ತಿರುಗಿಸಿ, ನೆಲದ ಮೇಲೆ ಊರುತ್ತಾರೆ. ಸ್ಯಾಕ್ಸೊಫೋನಿಗೆ ಹೆಸರು ಕೊಟ್ಟ ಅಡಾಲ್ಫ್ ಸ್ಯಾಕ್ಸನೇ 1838ರಲ್ಲಿ ಇದನ್ನು ಸುಧಾರಿಸಿದವನು. ಎಲ್ಲರಿಗಿಂತ ಹಿರಿಯನು ಕಾಂಟ್ರಬೇಸ್. ಇನ್ನೊಂದು ಸ್ಥಾಯಿ ಕೆಳಗೆ, ನಳಿಗೆಯನ್ನು ಬಿಡಿಸಿ ಅಳೆದರೆ ಎಂಟು ಅಡಿಗೂ ಹೆಚ್ಚು. ಈ ಎಲ್ಲರ ಮನೆಗಳೂ ಬೇರೆ. ಬೆರಳಿನ ಭಾಷೆ ಮಾತ್ರ ಹೆಚ್ಚುಕಡಿಮೆ ಒಂದೇ. ಒಂದನ್ನು ಕಲಿತವನು ಬಾಯಿಯ ಹಿಡಿತವನ್ನು ಸರಿಪಡಿಸಿಕೊಂಡರೆ ಉಳಿದವನ್ನೂ ನುಡಿಸಬಲ್ಲ. ಮನೆತನವೆಂದರೆ ಇದೇ ಅಲ್ಲವೆ?

ಇನ್ನು ನಮ್ಮ ನಾಡಿಗೆ ಬರೋಣ. ಕ್ಲಾರಿನೆಟ್ ನಮ್ಮಲ್ಲಿಗೆ ಮುಖ್ಯವಾಗಿ ಬ್ರಿಟಿಷ್ ಪಲ್ಟನ್ನುಗಳ ಬ್ಯಾಂಡಿನೊಡನೆ ಬಂತು. 1809ರಲ್ಲಿ ಬೆಂಗಳೂರು ದಂಡು ಸ್ಥಾಪಿತವಾದ ಮೇಲೆ ಈ ಸೀಮೆಗೆ ಅಂಥ ಸಂಗೀತ ದೂರದ್ದಾಗಿ ಉಳಿಯಲಿಲ್ಲ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಆ ಎರಡರ ಪರಂಪರೆಯನ್ನೂ ಈಗ ಪೊಲೀಸ್ ಬ್ಯಾಂಡಿನವರು ಉಳಿಸಿಕೊಂಡು ಬಂದಿದ್ದಾರೆ. ತಮಿಳು ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕ್ಲಾರಿನೆಟ್ ನಾಟ್ಯಮೇಳಗಳನ್ನು ಸೇರಿತು. ಮಹಾದೇವ ನಟ್ಟುವನಾರರು ಅದನ್ನು ಮೊದಲು ಬಳಸಿದರೆಂದು ಹೇಳುವುದುಂಟು. ನಮ್ಮ ರಾಯಚೂರಿನ ಕಡೆಯ ಪಂಡಿತ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ರಾಗಗಳನ್ನು ಇದರಲ್ಲಿ ನುಡಿಸಿ ಹೆಸರಾದರು. ನಾದವನ್ನು ಜಾರಿಸುವುದಕ್ಕೂ ಅಲುಗಿಸುವುದಕ್ಕೂ ಈ ಕೀಲಿಗಳು ಹುಟ್ಟಿದವಲ್ಲ. ನಮ್ಮವರು ತುಟಿಯ ಒತ್ತಡದಿಂದಲೂ ರಂಧ್ರವನ್ನು ಅರೆಯಾಗಿ ಮುಚ್ಚುವುದರಿಂದಲೂ ಗಮಕವನ್ನು ಅದರಿಂದ ಹೊರಡಿಸಿದರು.

ಆದರೆ ಕುಟುಂಬವೆಲ್ಲ ಇಡಿಯಾಗಿ ನಮ್ಮ ಹಳ್ಳಿಗಳಿಗೆ ಬರಲಿಲ್ಲ. ಬಂದದ್ದು ಹೆಚ್ಚಾಗಿ ಬಿ ಫ್ಲಾಟ್ ಒಂದೇ. ಒಂದು ಕ್ಲಾರಿನೆಟ್ಟಿನ ಬೆಲೆಯನ್ನು ಕೂಡಿಸುವುದೇ ಮದುವೆಯ ಬ್ಯಾಂಡಿನವನಿಗೆ ಕಷ್ಟ. ಮೂರು ನಾಲ್ಕು ಗಾತ್ರಗಳನ್ನು ಇಟ್ಟುಕೊಳ್ಳುವುದೆಲ್ಲಿಂದ ಬಂತು? ಆದ್ದರಿಂದ ಅವನು ಎರಡನೆಯ ದಾರಿಯನ್ನು ಹಿಡಿಯಬೇಕಾಯಿತು. ವಾದ್ಯ ಒಂದೇ, ಬೆರಳು ಹಲವು. ನಂದಗುಡಿಯ ಕಟ್ಟೆಯ ಮೇಲೆ ಆ ಹಿರಿಯರು ಅದನ್ನು ನಮಗೆ ನುಡಿಸಿಯೇ ತೋರಿಸಿದರು. ಗಂಡಸರ ಒಂದನೆಯ ಮನೆಗೆ ಡಿ ಬೆರಳಿನಲ್ಲಿ ಷಡ್ಜ. ಎರಡೂವರೆ ಮನೆಗೆ ಎಫ್ ಬೆರಳಿನಲ್ಲಿ ಷಡ್ಜ. ಹೆಣ್ಣುಮಕ್ಕಳು ಐದನೆಯ ಮನೆಯಲ್ಲಿ ಹಾಡಿದರೆ ಎ ಬೆರಳಿನಲ್ಲಿ ಷಡ್ಜ. ಷಡ್ಜ ಕದಲಿತೆಂದರೆ ರಿಷಭ ಗಾಂಧಾರಗಳೆಲ್ಲ ಕದಲಬೇಕು. ಪ್ರತಿಯೊಂದು ರಾಗಕ್ಕೂ ಬೆರಳಿನ ದಾರಿ ಹೊಸದಾಗಬೇಕು. ಯೂರೋಪಿನ ವಾದಕನಿಗೆ ಬರೆಯುವವನೂ ವಾದ್ಯಶಿಲ್ಪಿಯೂ ಸೇರಿ ಮಾಡಿಕೊಟ್ಟ ಲೆಕ್ಕವನ್ನು ಈ ಮನುಷ್ಯ ಕಾಗದವಿಲ್ಲದೆ, ನಿಂತ ನಿಲುವಿನಲ್ಲಿ, ಹಾಡುವವರು ಬಾಯಿ ತೆರೆಯುವಷ್ಟರೊಳಗೆ ತಾನೇ ಮಾಡಿಕೊಳ್ಳುತ್ತಿದ್ದರು. ನಾವು ಕೊಡಬೇಕಾಗಿದ್ದ ಅವಕಾಶ ಅಷ್ಟೇ, ಅದನ್ನೂ ಕೊಡಲಿಲ್ಲ.

ನಮಗೆ ಹೆಚ್ಚು ನಾಚಿಕೆಯಾದದ್ದು ಬೇರೆ ಒಂದು ಕಾರಣಕ್ಕಾಗಿ. ಷಡ್ಜಕ್ಕೆ ಸ್ಥಿರವಾದ ಮನೆಯಿಲ್ಲವೆಂಬುದು ನಮ್ಮ ಸಂಗೀತದ ಮೊದಲನೆಯ ಪಾಠ. ಹಾಡುವವರ ಕಂಠ ಎಲ್ಲಿ ನಿಲ್ಲುತ್ತದೆಯೋ ಅದೇ ಷಡ್ಜ. ಒಬ್ಬರ ಷಡ್ಜ ಇನ್ನೊಬ್ಬರ ಪಂಚಮವಾಗಬಹುದು, ಅದರಿಂದ ಯಾರೂ ಅಪಶ್ರುತಿಯವರಾಗುವುದಿಲ್ಲ. ಸರಳೆವರಸೆಯನ್ನು ಕಲಿಯುವ ಮಗುವಿಗೂ ಇದು ಗೊತ್ತು. ಕ್ಲಾರಿನೆಟ್ಟಿನವನ ಸಿ ಎಂಬುದು ಅವನ ವಾದ್ಯದ ಷಡ್ಜವಿದ್ದಂತೆ. ಪ್ರತಿ ಗಾತ್ರಕ್ಕೂ ತನ್ನದೇ ಆದ ಸಿ. ನಮ್ಮ ಪಾಠವನ್ನು ನಾವು ಮರೆಯದೆ ಇದ್ದಿದ್ದರೆ ಅವರ ಮಾತು ತಟ್ಟನೆ ಅರ್ಥವಾಗುತ್ತಿತ್ತು. ಇಂಗ್ಲಿಷ್ ಪುಸ್ತಕದಿಂದ ಒಂದು ಅಕ್ಷರವನ್ನು ಕಲಿತು, ಅದನ್ನು ಕಲ್ಲಿನಲ್ಲಿ ಕೊರೆದದ್ದೆಂದು ನಂಬಿ, ಅದೇ ಪುಸ್ತಕದ ಮುಂದಿನ ಪುಟವನ್ನು ತಿರುವಿಹಾಕದೆ ಇದ್ದದ್ದರಿಂದ ಎರಡು ಸಂಗೀತಗಳಲ್ಲಿಯೂ ನಾವು ದಡ್ಡರಾದೆವು.

ಬೆಳಗಾಗುತ್ತಲೇ ಮುಹೂರ್ತದ ಗಡಿಬಿಡಿ. ನಾವು ಯಜಮಾನರಿಗೆ ವಿಷಯವನ್ನು ತಿಳಿಸಿ, ಆ ಹಿರಿಯರಿಗೆ ಸಲ್ಲಬೇಕಾದ ಹಣವನ್ನು ಕೊಡಿಸಿದೆವು. ಅವರು ತೆಗೆದುಕೊಂಡು, "ಇರಲಿ ಬಿಡಿ ಸ್ವಾಮಿ" ಎಂದರು. ಆದರೆ ಹಿಂದಿನ ರಾತ್ರಿ ನಕ್ಕವರು ಅಷ್ಟು ಹೊತ್ತಿಗೆ ಚದುರಿದ್ದರು. ಹಣವನ್ನು ಹಿಂದಿನಿಂದ ಕೊಡಬಹುದು. ಹತ್ತು ಜನರ ಮುಂದೆ ಕಳೆದ ಮರ್ಯಾದೆಯನ್ನು ಹಿತ್ತಿಲಿನಲ್ಲಿ ಹಿಂತಿರುಗಿಸಲಾಗುವುದಿಲ್ಲ. ಹತ್ತು ಜನರ ಮುಂದೆಯೇ ಹೇಳಬೇಕಾಗುತ್ತದೆ. ಅದನ್ನು ಈ ದಿನ ಹೇಳಿದ್ದೇವೆ: ಅವರ ವಾದ್ಯ ಸರಿಯಾಗಿತ್ತು, ಶ್ರುತಿ ಸರಿಯಾಗಿತ್ತು, ಅವರು ಕೊಟ್ಟ ಸಿ ಸಹ ಸರಿಯಾಗಿತ್ತು.

ಮುಂದೆ ತಮ್ಮ ಮನೆಯ ಮದುವೆಗೆ ಬ್ಯಾಂಡಿನವರು ಬಂದಾಗ, ಆ ಕರಿಯ ನಳಿಗೆಯನ್ನು ಹಿಡಿದವರನ್ನು, "ಇದು ಯಾವ ಶ್ರುತಿಯ ಕ್ಲಾರಿನೆಟ್?" ಎಂದು ಒಮ್ಮೆ ಕೇಳಿನೋಡಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೂ ಕಾಯಿರಿ. ನಾವು ಕಾಯಲಿಲ್ಲ.